ಆಗುಂಬೆಗೆ ಬಂದ ಮಾಲ್ಗುಡಿಯ ಸ್ವಾಮಿ

ರಾಯಚೂರಿನಿಂದ ವಾಡಿಯ ಕಡೆಗೆ ಹೋಗುವ ರೈಲು ಮಾರ್ಗದಲ್ಲಿ ಸೈದಾಪುರ ಒಂದು ಸಣ್ಣ ನಿಲ್ದಾಣ. ದೊಡ್ಡ ಊರುಗಳಿಗೆ ಧಾವಿಸುವ ಎಷ್ಟೋ ಗಾಡಿಗಳು ಇಲ್ಲಿ ನಿಲ್ಲುವುದಿಲ್ಲ. ಇಂಥ ನಿಲ್ದಾಣ, ಒಂದು ಶಾಲೆ, ನಾಲ್ಕು ಬೀದಿ, ಸಿಟ್ಟಿನ ಅಪ್ಪ, ಮುದ್ದಿನ ಅಜ್ಜಿ. ಇಷ್ಟನ್ನೇ ಇಟ್ಟುಕೊಂಡು ಆರ್. ಕೆ. ನಾರಾಯಣ್ ಅವರು ಮಾಲ್ಗುಡಿ ಎಂಬ ಕಾಲ್ಪನಿಕ ಊರನ್ನು ಕಟ್ಟಿದರು. ಅದು ಭೂಪಟದಲ್ಲಿಲ್ಲದ ಊರು. ಆದರೆ 1980ರ ದಶಕದಲ್ಲಿ ಆ ಊರಿಗೆ ಕಣ್ಣಿಗೆ ಕಾಣುವ ಬೀದಿ ಸಿಕ್ಕಿತು. ಅದನ್ನು ಒದಗಿಸಿದ್ದು ಮಲೆನಾಡಿನ ಆಗುಂಬೆ. ಅದಕ್ಕೆ ಜೀವ ತುಂಬಿದ್ದು ಬೆರಳೆಣಿಕೆಯ ಮಕ್ಕಳು.

‘ಸ್ವಾಮಿ ಅಂಡ್ ಫ್ರೆಂಡ್ಸ್’ ನಾರಾಯಣ್ ಅವರ ಮೊದಲ ಕಾದಂಬರಿ. ಅದು ಪ್ರಕಟವಾದದ್ದು 1935ರಲ್ಲಿ, ಇಂಗ್ಲೆಂಡಿನಲ್ಲಿ. ಬರೆದದ್ದು ಮೈಸೂರಿನಲ್ಲಿದ್ದ ಯುವಕ. ಸ್ವಾಮಿನಾಥನ್ ಎಂಬ ಶಾಲಾ ಬಾಲಕ, ಅವನ ಗೆಳೆಯರಾದ ಬಲಶಾಲಿ ಮಣಿ ಮತ್ತು ಪೊಲೀಸ್ ಅಧಿಕಾರಿಯ ಮಗ ರಾಜಂ, ಇವರು ಕಟ್ಟಿದ ಕ್ರಿಕೆಟ್ ತಂಡ, ಮೇಷ್ಟರ ಬೆತ್ತ ಇವೇ ಅದರ ಸಂಗತಿಗಳು. ದೊಡ್ಡ ಘಟನೆಗಳಿಲ್ಲದ ಈ ಕತೆಯನ್ನು ತೆರೆಗೆ ತರುವುದು ಸುಲಭವಾಗಿರಲಿಲ್ಲ. 1965ರಲ್ಲಿ ಅವರ ‘ಗೈಡ್’ ಹಿಂದಿ ಚಿತ್ರವಾದಾಗ ಮಾಲ್ಗುಡಿ ರಾಜಸ್ತಾನಕ್ಕೆ ವರ್ಗವಾಗಿಬಿಟ್ಟಿತ್ತು. ತಮ್ಮ ಪುಟ್ಟ ಊರು ಅರಮನೆಗಳ ವೈಭವದಲ್ಲಿ ಕಳೆದುಹೋದ ಬಗ್ಗೆ ನಾರಾಯಣ್ ಅವರು ನೊಂದು ಪ್ರಬಂಧವನ್ನೇ ಬರೆದರು.

ಎರಡು ದಶಕಗಳ ನಂತರ ಟಿ. ಎಸ್. ನರಸಿಂಹನ್ ನಿರ್ಮಾಪಕರಾಗಿ, ಶಂಕರನಾಗ್ ನಿರ್ದೇಶಕರಾಗಿ ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ಮಾಡಲು ಹೊರಟಾಗ ಈ ತಪ್ಪು ಮರುಕಳಿಸಲಿಲ್ಲ. ಅವರು ಆರಿಸಿಕೊಂಡದ್ದು ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನು. ಅಲ್ಲಿನ ‘ದೊಡ್ಡಮನೆ’ ಎಂಬ ಹಳೆಯ ತೊಟ್ಟಿಮನೆಯೇ ಸ್ವಾಮಿಯ ಮನೆಯಾಯಿತು. ಕಲಾ ನಿರ್ದೇಶಕ ಜಾನ್ ದೇವರಾಜ್ ಊರಿನ ಬೀದಿಯನ್ನೇ ಬ್ರಿಟಿಷರ ಕಾಲದ ಪೇಟೆಯನ್ನಾಗಿ ಮಾರ್ಪಡಿಸಿದರು. ಛಾಯಾಗ್ರಹಣ ಎಸ್. ರಾಮಚಂದ್ರ ಅವರದು. ಎಲ್. ವೈದ್ಯನಾಥನ್ ಕೊಟ್ಟ ಶೀರ್ಷಿಕೆ ರಾಗವನ್ನು ಆ ತಲೆಮಾರಿನವರು ಇಂದಿಗೂ ಗುನುಗುತ್ತಾರೆ. ನಾರಾಯಣ್ ಅವರ ತಮ್ಮ ಆರ್. ಕೆ. ಲಕ್ಷ್ಮಣ್ ರೇಖಾಚಿತ್ರಗಳನ್ನು ಬರೆದರು.

ಆಗುಂಬೆಗೆ ಮಳೆಯುಂಟು, ರೈಲಿಲ್ಲ. ಆದ್ದರಿಂದ ಮಾಲ್ಗುಡಿಯ ರೈಲು ನಿಲ್ದಾಣವನ್ನು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳಿನಲ್ಲಿ ಹುಡುಕಿಕೊಳ್ಳಲಾಯಿತು. ಹೀಗೆ ಎರಡು ಕನ್ನಡದ ಊರುಗಳು ಸೇರಿ ಒಂದು ಮಾಲ್ಗುಡಿಯಾಯಿತು.

ಸ್ವಾಮಿಯ ಪಾತ್ರಕ್ಕೆ ಬಂದ ಮಾಸ್ಟರ್ ಮಂಜುನಾಥ್‌ಗೆ ಆಗ ಹತ್ತರ ಆಸುಪಾಸಿನ ವಯಸ್ಸು. ಗಿರೀಶ ಕಾರ್ನಾಡ್ ಅಪ್ಪನಾದರು, ವೈಶಾಲಿ ಕಾಸರವಳ್ಳಿ ಅಮ್ಮನಾದರು. ಇಂಥ ಪಳಗಿದ ನಟರ ಎದುರು ಹುಡುಗ ‘ನಟಿಸಲು’ ಹೊರಟಿದ್ದರೆ ಕತೆ ಕೆಡುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ‘ಹೀರೋ’ ಎಂಬ ಕತೆಯನ್ನೇ ನೋಡಿ. ಧೈರ್ಯವಂತ ಹುಡುಗನೊಬ್ಬನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಅಪ್ಪ, ನೀನೂ ಒಂದು ರಾತ್ರಿ ಒಬ್ಬನೇ ಮಲಗು ಎಂದು ಸ್ವಾಮಿಗೆ ಸವಾಲು ಹಾಕುತ್ತಾನೆ. ಕತ್ತಲಲ್ಲಿ ನಡುಗುತ್ತ ಬೆಂಚಿನ ಕೆಳಗೆ ಸೇರಿದ ಹುಡುಗ, ಹತ್ತಿರ ಬಂದ ಆಕೃತಿಯ ಕಾಲನ್ನು ಭೂತವೆಂದುಕೊಂಡು ಕಚ್ಚುತ್ತಾನೆ. ಸಿಕ್ಕಿಬಿದ್ದವನು ಕಳ್ಳ! ಊರೆಲ್ಲ ಹೊಗಳುತ್ತದೆ. ಮರುರಾತ್ರಿ ವೀರನು ಮತ್ತೆ ಅಜ್ಜಿಯ ಪಕ್ಕ. ಇಲ್ಲಿ ನಗೆ ಮಾತಿನಿಂದ ಹುಟ್ಟುವುದಿಲ್ಲ, ಹೆದರಿಕೆಯನ್ನು ಮುಚ್ಚಿಡಲಾಗದ ಮುಖದಿಂದ ಹುಟ್ಟುತ್ತದೆ.

ಮಕ್ಕಳನ್ನು ಮಕ್ಕಳಾಗಿಯೇ ಬಿಡುವ ಈ ದಾರಿಗೆ ಹಳೆಯ ಇತಿಹಾಸವಿದೆ. ಅಮೆರಿಕದ ನಿರ್ಮಾಪಕ ಹಾಲ್ ರೋಚ್ 1922ರಲ್ಲಿ ‘ಅವರ್ ಗ್ಯಾಂಗ್’ ಎಂಬ ಕಿರುಹಾಸ್ಯಚಿತ್ರ ಮಾಲೆಯನ್ನು ಆರಂಭಿಸಿದರು. ತರಬೇತಿ ಕೊಟ್ಟು ಬಾಯಿಪಾಠ ಮಾಡಿಸಿದ ಮಗುವೊಂದರ ಪರೀಕ್ಷೆ ನೋಡಿ ಬೇಸತ್ತ ಅವರು, ಕಿಟಕಿಯಾಚೆ ಕಟ್ಟಿಗೆ ತುಂಡುಗಳಿಗಾಗಿ ಜಗಳವಾಡುತ್ತಿದ್ದ ಮಕ್ಕಳನ್ನು ಕಂಡು ಮೈಮರೆತರೆಂದೂ ಅಲ್ಲಿಂದಲೇ ಈ ಮಾಲೆ ಹುಟ್ಟಿತೆಂದೂ ಹೇಳುತ್ತಾರೆ. 1944ರವರೆಗೆ ಇನ್ನೂರಕ್ಕೂ ಹೆಚ್ಚು ಕಿರುಚಿತ್ರಗಳು ಬಂದವು. ಮಾಲ್ಗುಡಿಯ ಮಕ್ಕಳು ಅವುಗಳ ಅನುಕರಣೆಯಲ್ಲ. ಆದರೆ ಎರಡೂ ಕಡೆ ಗುಟ್ಟು ಒಂದೇ: ಮಗುವಿಗೆ ಮುಖ್ಯವಾದದ್ದನ್ನು ನಿರ್ದೇಶಕನೂ ಮುಖ್ಯವೆಂದು ಒಪ್ಪಿಕೊಳ್ಳುವುದು.

1986–87ರಲ್ಲಿ ಸರಣಿ ದೂರದರ್ಶನದಲ್ಲಿ ಬಂದಾಗ ಇಡೀ ದೇಶ ಸ್ವಾಮಿಯನ್ನು ಮನೆಮಗನಂತೆ ಕಂಡಿತು. ಅವನ ಕಂತುಗಳಿಂದ ರೂಪಿಸಿದ ‘ಸ್ವಾಮಿ’ ಚಿತ್ರಕ್ಕಾಗಿ ಮಂಜುನಾಥ್ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದರು.

ಈ ಯಶಸ್ಸಿನ ನಡುವೆ ಒಂದು ವಿಪರ್ಯಾಸವನ್ನು ಮರೆಯುವಂತಿಲ್ಲ. ನಿರ್ದೇಶಕರು ಕನ್ನಡಿಗರು. ಊರು ಕನ್ನಡದ್ದು. ಮುಖ್ಯ ನಟರಲ್ಲಿ ಬಹುಮಂದಿ ಕನ್ನಡದವರು. ಆದರೆ ಸ್ವಾಮಿ ಆಡಿದ್ದು ಹಿಂದಿ. ಮೊದಲ 13 ಕಂತುಗಳು ಇಂಗ್ಲಿಷಿನಲ್ಲೂ ಸಿದ್ಧವಾದವು. ಆಗಿನ ಮೊದಲ ಪ್ರಸಾರದಲ್ಲಿ ಕನ್ನಡಕ್ಕೆ ಜಾಗ ಸಿಗಲಿಲ್ಲ. ರಾಷ್ಟ್ರೀಯ ಜಾಲದ ಭಾಷೆ ಹಿಂದಿ ಆಗಿದ್ದುದು ಒಂದು ಕಾರಣ. ಕನ್ನಡ ಚಿತ್ರರಂಗ ಡಬ್ಬಿಂಗನ್ನು ವಿರೋಧಿಸುತ್ತಿದ್ದ ಕಾಲವೂ ಅದು.

ಈ ಮಾತು ಸೈದಾಪುರದ ಕಡೆಯವರಿಗೆ ಇನ್ನಷ್ಟು ತಟ್ಟುವಂಥದು. ಟೆಲಿವಿಷನ್ ಈ ಸೀಮೆಗೆ ಬೆಂಗಳೂರಿಗಿಂತ ಮೊದಲೇ ಬಂದಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದಾಗ ಕರ್ನಾಟಕದಿಂದ ಸೇರಿದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು. ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯ ಭಾಗವಾಗಿತ್ತು. ಹಳ್ಳಿಯ ಸಾರ್ವಜನಿಕ ಟಿ.ವಿ. ಮುಂದೆ ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆಂದೇ ಕಾರ್ಯಕ್ರಮ ಬರುತ್ತಿತ್ತು, ಅದೂ ಕನ್ನಡದಲ್ಲಿ. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರ ತೆರೆಯಿತು. ಬೆಂಗಳೂರಿನ ಕೇಂದ್ರ ಬಂದದ್ದು 1981ರಲ್ಲಿ. ತನ್ನ ನುಡಿಯಲ್ಲೇ ಮೊದಲು ಮಾತಾಡಿದ ಪೆಟ್ಟಿಗೆ, ಹತ್ತು ವರ್ಷಗಳ ನಂತರ ತನ್ನದೇ ನಾಡಿನ ಹುಡುಗನನ್ನು ತೋರಿಸುವಾಗ ಬೇರೆ ನುಡಿಯನ್ನಾಡಿತು. ಉರ್ದು ಕಿವಿಗೆ ಬಿದ್ದಿದ್ದ ಈ ಭಾಗದ ಮಕ್ಕಳಿಗೆ ಹಿಂದಿ ತೀರ ಅಪರಿಚಿತವಲ್ಲ, ನಿಜ. ಆದರೂ ಸ್ವಾಮಿ ಅಜ್ಜಿಯನ್ನು ಕರೆದದ್ದು ಅವರು ತಮ್ಮ ಆಯಿಯನ್ನು ಕರೆಯುವ ಮಾತಿನಲ್ಲಲ್ಲ.

ಮಾತು ಬೇರೆಯಾದರೂ ಮಕ್ಕಳು ಅವನನ್ನು ತಮ್ಮವನೆಂದು ಗುರುತಿಸಿದರು. ಬೆನ್ನಿಗೆ ಚೀಲ, ಎಣ್ಣೆ ಹಚ್ಚಿ ಬಾಚಿದ ತಲೆ, ಸೋಮವಾರದ ಶಾಲೆಯ ಸಂಕಟ ಇವಕ್ಕೆ ಅನುವಾದ ಬೇಕಿರಲಿಲ್ಲ. ಅಷ್ಟರಮಟ್ಟಿಗೆ ಅದು ಆ ಮಕ್ಕಳ, ನಿರ್ದೇಶಕರ ಗೆಲುವು.

ಶಂಕರನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 36 ತುಂಬಿರಲಿಲ್ಲ. ನಾರಾಯಣ್ ಅವರು 2001ರಲ್ಲಿ ನಿಧನರಾದರು. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಸರಣಿಗೆ ಇನ್ನಷ್ಟು ಕಂತುಗಳು ಸೇರಿದವು. ಅರಸಾಳಿನ ಹಳೆಯ ನಿಲ್ದಾಣವನ್ನು ರೈಲ್ವೆ ಇಲಾಖೆ ಜಾನ್ ದೇವರಾಜ್ ಅವರ ಕೈಯಿಂದಲೇ ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಇಲ್ಲದ ಊರಿಗೊಂದು ಸ್ಮಾರಕ ಬಂತು. ಇರುವ ಊರುಗಳ ಶಾಲೆಗಳಲ್ಲಿ, ಪ್ಲಾಟ್‌ಫಾರ್ಮುಗಳಲ್ಲಿ ಓಡಾಡುವ ಸ್ವಾಮಿಗಳು ತಮ್ಮ ನುಡಿಯಲ್ಲಿ ತಮ್ಮ ಕತೆ ಹೇಳುವ ಕ್ಯಾಮೆರಾಕ್ಕೆ ಇನ್ನೂ ಕಾಯುತ್ತಿದ್ದಾರೆ.