ಹೆಸರಿನ ಬೆನ್ನಿಗೊಂದು ಹೆಸರು

1640ನೆಯ ಇಸವಿಯಲ್ಲಿ ಕೆನಡಾದ ಕೆಬೆಕ್ ಪಟ್ಟಣದ ಇಗರ್ಜಿಯು ಅಗ್ನಿಗೆ ಆಹುತಿಯಾಗಿ, ಅಲ್ಲಿಯವರೆಗೆ ಬರೆದಿರಿಸಿದ್ದ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳ ದಾಖಲೆಗಳೆಲ್ಲ ಭಸ್ಮವಾದಾಗ, ಜೆಸ್ವಿಟ್ ಪಾದ್ರಿಗಳು ಧೃತಿಗೆಡದೆ, ತಮ್ಮ ಸ್ಮರಣೆಯ ಬಲದಿಂದಲೇ ಆ ಪುಟಗಳನ್ನು ಮರಳಿ ಬರೆದರು. ಸೇಂಟ್ ಲಾರೆನ್ಸ್ ನದಿಯ ದಡಗಳಲ್ಲಿ ನೆಲೆಸಿದ ಫ್ರೆಂಚ್ ರೈತರ ವಂಶವೃತ್ತಾಂತವು ಇಂದಿಗೂ ಅವಿಚ್ಛಿನ್ನವಾಗಿ ನಮ್ಮ ಕೈಗೆ ದೊರೆಯುತ್ತಿರುವುದಕ್ಕೆ ಇಂತಹ ಶ್ರದ್ಧೆಯೇ ಮೂಲಕಾರಣವೆಂದು ನಾನು ಬಗೆಯುತ್ತೇನೆ.

1667ರಲ್ಲಿ ಫ್ರಾನ್ಸಿನ ಅರಸನು ಹೊರಡಿಸಿದ ಶಾಸನದಂತೆ ಪ್ರತಿಯೊಂದು ದಾಖಲೆಗೂ ಎರಡು ಪ್ರತಿಗಳಿರಬೇಕೆಂಬ ನಿಯಮ ಬಂದಿತು; ಒಂದು ಇಗರ್ಜಿಯಲ್ಲಿ ಉಳಿದರೆ ಇನ್ನೊಂದು ಸರಕಾರದ ವಶಕ್ಕೆ ಸೇರುತ್ತಿತ್ತು. ವಂಶವನ್ನು ಅರಸಿ ಹೊರಟವನಿಗೆ ಇವುಗಳಲ್ಲಿ ಅತ್ಯಂತ ಅಮೂಲ್ಯವಾದುದು ವಿವಾಹದ ಪುಟ. ಸಾಮಾನ್ಯವಾಗಿ ಅದರಲ್ಲಿ ವಧೂವರರಿಬ್ಬರ ತಂದೆತಾಯಿಗಳ ಹೆಸರುಗಳೂ ಇರುತ್ತವೆಯಾದ್ದರಿಂದ, ಒಂದು ಮದುವೆಯಿಂದ ಹಿಂದಿನ ಮದುವೆಗೆ, ಅಲ್ಲಿಂದ ಅದರ ಹಿಂದಿನದಕ್ಕೆ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿದಂತೆ ಇಳಿಯಬಹುದು.

ಇಳಿಯುವವನ ಕಾಲು ಜಾರುವುದು ಪುರುಷರ ಅಡ್ಡಹೆಸರಿನ ಬಳಿ. 1665ರಲ್ಲಿ ಬಂದಿಳಿದ ಕಾರಿನ್ಯಾನ್-ಸಾಲಿಯೇರ್ ದಳದ ಸುಮಾರು 1,200 ಯೋಧರಲ್ಲಿ 400ರಷ್ಟು ಮಂದಿ ಆ ನಾಡಿನಲ್ಲಿಯೇ ನಿಂತರು. ಅವರೊಡನೆ ಅವರ ಪಾಳೆಯದ ಹೆಸರುಗಳೂ ನಿಂತವು. ಒಬ್ಬನು 'ಲಾಫ್ಲರ್', ಎಂದರೆ ಹೂವು. ಇನ್ನೊಬ್ಬನು 'ಸಾನ್‌ಸೂಸಿ', ಎಂದರೆ ನಿಶ್ಚಿಂತ. ಮತ್ತೊಬ್ಬನು 'ಲಾಜ್ಯೂನೆಸ್', ಎಂದರೆ ಯೌವನ. ಪಿತ್ರಾರ್ಜಿತವಾದ ಹೆಸರಿನ ಬಳಿಕ 'ದೀ' ಎಂಬ ಪದವನ್ನಿಟ್ಟು ಈ ಎರಡನೆಯ ಹೆಸರನ್ನು ಬರೆಯುತ್ತಿದ್ದರು. ನಮ್ಮ ಕೋರ್ಟು ಕಾಗದಗಳ 'ಉರುಫ್' ಎಂಬುದು ಮಾಡುವ ಕೆಲಸವನ್ನೇ ಅಲ್ಲಿ 'ದೀ' ಮಾಡುತ್ತಿತ್ತು. ಯೋಧರಲ್ಲದವರೂ ತಮ್ಮ ಹುಟ್ಟೂರಿನಿಂದಲೋ, ಹೊಲದ ಲಕ್ಷಣದಿಂದಲೋ, ಒಂದೇ ಹೆಸರಿನ ಎರಡು ಕವಲುಗಳನ್ನು ಬೇರ್ಪಡಿಸುವ ಅಗತ್ಯದಿಂದಲೋ ಇಂತಹ ಹೆಸರನ್ನು ಧರಿಸಿದರು. ಪಿಯೇರ್ ಹ್ಯೂಡೋಂ ದೀ ಬೋಲಿಯೊ ಎಂಬ ಒಬ್ಬನ ಸಂತತಿಯಲ್ಲಿ ಕೆಲವರು ಇಂದು ಹ್ಯೂಡೋಂ ಆಗಿಯೂ ಕೆಲವರು ಬೋಲಿಯೊ ಆಗಿಯೂ ಇದ್ದಾರೆ. ಒಂದೇ ರಕ್ತದವರು ನೆರೆಹೊರೆಯಲ್ಲಿದ್ದೂ ಪರಸ್ಪರ ಅಪರಿಚಿತರಾಗಿ ಬಾಳಬಹುದಾದ ಪರಿಸ್ಥಿತಿ ಇದು.

ಮುಂದೆ 1840ರಿಂದ 1930ರವರೆಗಿನ ಕಾಲದಲ್ಲಿ ಸುಮಾರು ಒಂಬತ್ತು ಲಕ್ಷ ಮಂದಿ ಬಡತನದಿಂದಲೂ ಭೂಮಿಯ ಅಭಾವದಿಂದಲೂ ಅಮೆರಿಕದ ಗಡಿ ದಾಟಿ, ಬಹುಪಾಲು ನ್ಯೂ ಇಂಗ್ಲೆಂಡಿನ ಗಿರಣಿಗಳಿಗೆ ಸೇರಿದಾಗ, ಈ ಹೆಸರುಗಳಿಗೆ ಮತ್ತೊಂದು ಜನ್ಮ ಪ್ರಾಪ್ತವಾಯಿತು. ಬ್ವಾವೇರ್ ಎಂಬುವನು ಗ್ರೀನ್‌ವುಡ್ ಆದನು, ರ್ವಾ ಎಂಬುವನು ಕಿಂಗ್ ಆದನು. ಅರ್ಥ ಉಳಿಯಿತು, ಮೊಮ್ಮಕ್ಕಳಿಗೆ ದಾರಿ ತಪ್ಪಿತು.

ಈ ಗೊಂದಲದಲ್ಲಿ ಸ್ಥಿರವಾಗಿ ನಿಂತವಳು ಸ್ತ್ರೀ. ಗಂಡನ ಮನೆಗೆ ಬಂದು ಹತ್ತು ಮಕ್ಕಳ ತಾಯಿಯಾದರೂ ಇಗರ್ಜಿಯ ಪುಸ್ತಕದಲ್ಲಿ ಅವಳು ಹುಟ್ಟಿನ ಹೆಸರಿನಿಂದಲೇ ನಮೂದಾದಳು, ಆ ಹೆಸರಿನಿಂದಲೇ ಮಣ್ಣಿಗೆ ಸಂದಳು. 1657ರಲ್ಲಿ ಪಿಯೇರ್ ಟ್ರೆಂಬ್ಲೆಯನ್ನು ಕೈಹಿಡಿದ ಓಜಾನ್ ಆಶೋಂ, ಕೆಬೆಕ್ ಪ್ರಾಂತದಲ್ಲಿ ಇಂದು ಅತಿ ಹೆಚ್ಚಾಗಿ ಕಾಣಬರುವ ಹೆಸರುಗಳಲ್ಲಿ ಒಂದಾದ ಟ್ರೆಂಬ್ಲೆ ವಂಶಕ್ಕೆಲ್ಲ ಮೂಲಮಾತೆಯಾಗಿಯೂ, ದಾಖಲೆಗಳಲ್ಲಿ ಆಶೋಂ ಆಗಿಯೇ ಉಳಿದಿದ್ದಾಳೆ. 1663ರಿಂದ 1673ರವರೆಗೆ ರಾಜನ ವೆಚ್ಚದಲ್ಲಿ ಹಡಗೇರಿ ಬಂದ, 800ಕ್ಕೆ ಸಮೀಪಿಸಿದ 'ರಾಜಪುತ್ರಿ'ಯರೂ ಹಾಗೆಯೇ.

ಸಿಪ್ರಿಯಾನ್ ಟಾಂಗೆ ಎಂಬ ಪಾದ್ರಿಯು ಈ ಪುಸ್ತಕಗಳನ್ನು ಶೋಧಿಸಿ 1871ರಿಂದ 1890ರವರೆಗೆ ಏಳು ಸಂಪುಟಗಳ ವಂಶಕೋಶವನ್ನು ಪ್ರಕಟಿಸಿದನು. 1966ರಲ್ಲಿ ಮಾಂಟ್ರಿಯಾಲ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಅದೇ ಕಾರ್ಯವನ್ನು ಗಣಕಯಂತ್ರದ ನೆರವಿನಿಂದ ಕೈಗೆತ್ತಿಕೊಂಡರು. ಅವರೆಲ್ಲರಿಗೂ ಕೈಮರವಾದದ್ದು ತಾಯಂದಿರ ಹೆಸರು; ಗಂಡನ ಹೆಸರು ಕವಲೊಡೆದಲ್ಲಿ ಹೆಂಡತಿಯ ಹೆಸರನ್ನು ಹಿಡಿದರೆ ಕುಟುಂಬವು ಮತ್ತೆ ಒಂದಾಗಿ ಕಾಣುತ್ತದೆ. ಪಾದ್ರಿಗಳ ಲೇಖನಿಯಲ್ಲಿ ಮುನ್ನೂರು ವರ್ಷ ನಡೆದುಬಂದ ಈ ಪದ್ಧತಿಯು 1981ರಲ್ಲಿ ಕೆಬೆಕ್‌ನ ಕಾನೂನೇ ಆಯಿತು: ಅಲ್ಲಿ ವಿವಾಹಿತೆಯು ತನ್ನ ಹುಟ್ಟಿನ ಹೆಸರಿನಿಂದಲೇ ವ್ಯವಹರಿಸತಕ್ಕದ್ದು.