ಗುಂಡಿನ ಗೆರೆಯಿಂದ ಗಡಿಯಾರದ ಗೆರೆಗೆ

ಸಂಜೆಯಾಗುತ್ತಿದ್ದಂತೆ ಪತ್ರಿಕಾ ಕಚೇರಿಗಳಲ್ಲಿ ಎಲ್ಲರ ಬಾಯಲ್ಲೂ ಕೇಳಿಬರುವ ಮಾತು ‘ಡೆಡ್‌ಲೈನ್’. ಸುದ್ದಿ ಬರೆಯುವ ವರದಿಗಾರನಿಗೂ ಪುಟ ಕಟ್ಟುವ ಉಪಸಂಪಾದಕನಿಗೂ ಅದರದೇ ಚಿಂತೆ. ಈಗ ಈ ಪದ ಪತ್ರಿಕೆಯವರ ಸೊತ್ತಾಗಿಯೂ ಉಳಿದಿಲ್ಲ. ಕಾಲೇಜಿನ ಅರ್ಜಿ, ತೆರಿಗೆ ವಿವರ, ಸೇತುವೆ ಕಾಮಗಾರಿ ಎಲ್ಲಕ್ಕೂ ಒಂದೊಂದು ಡೆಡ್‌ಲೈನ್ ಇದ್ದೇ ಇರುತ್ತದೆ.

ಪದವನ್ನು ಬಿಡಿಸಿ ನೋಡಿದರೆ ಮಾತ್ರ ವಿಚಿತ್ರವೆನಿಸುತ್ತದೆ. ಇದು ಸಾವಿನ ಗೆರೆ. ಅರ್ಜಿ ತಡವಾದರೆ ದಂಡ ಬೀಳಬಹುದು, ಯಾರೂ ಸಾಯುವುದಿಲ್ಲ. ಆದರೆ ಈ ಗೆರೆ ದಾಟಿದವರು ನಿಜವಾಗಿಯೂ ಸತ್ತ ಕಾಲವೊಂದಿತ್ತು.

ಬಯಲು ಸೆರೆಮನೆ

ಅಮೆರಿಕದ ಅಂತರ್ಯುದ್ಧ 1861ರಿಂದ 1865ರವರೆಗೆ ನಡೆಯಿತು. ಮೊದಲು ಉತ್ತರ ಮತ್ತು ದಕ್ಷಿಣದ ಪಕ್ಷಗಳು ಸೆರೆಸಿಕ್ಕ ಸೈನಿಕರನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತಿದ್ದವು. ಉತ್ತರದ ಸೇನೆಯಲ್ಲಿದ್ದ ಕರಿಯ ಸೈನಿಕರನ್ನು ಇತರ ಕೈದಿಗಳಂತೆ ಬಿಟ್ಟುಕೊಡಲು ದಕ್ಷಿಣದವರು ಒಪ್ಪಲಿಲ್ಲ. 1863ರಲ್ಲಿ ಈ ವ್ಯವಸ್ಥೆ ಕುಸಿದುಬಿತ್ತು. ಎರಡೂ ಕಡೆ ಸೆರೆಶಿಬಿರಗಳು ತುಂಬಿ ತುಳುಕತೊಡಗಿದವು.

ಅಂಥದೊಂದು ಶಿಬಿರ ಜಾರ್ಜಿಯಾ ರಾಜ್ಯದ ಆಂಡರ್ಸನ್‌ವಿಲ್‌ನಲ್ಲಿ 1864ರ ಫೆಬ್ರುವರಿಯಲ್ಲಿ ಆರಂಭವಾಯಿತು. ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ನೆಟ್ಟು ಕಟ್ಟಿದ ಎತ್ತರದ ಗೋಡೆ, ಅದರ ಮೇಲೆ ಕಾವಲುಗಾರರ ಅಟ್ಟಣಿಗೆಗಳು. ಒಳಗೆ ಮನೆಯಿಲ್ಲ, ಮಾಡಿಲ್ಲ. ಕೈದಿಗಳು ಕಂಬಳಿ, ಕಡ್ಡಿ ಸೇರಿಸಿ ತಾವೇ ನೆರಳು ಮಾಡಿಕೊಳ್ಳಬೇಕಿತ್ತು. ಸುಮಾರು 10 ಸಾವಿರ ಮಂದಿಗೆಂದು ಯೋಚಿಸಿದ್ದ ಈ ಜಾಗವನ್ನು ಜೂನ್‌ನಲ್ಲಿ 26 ಎಕರೆಗೆ ವಿಸ್ತರಿಸಲಾಯಿತು. ಆದರೂ ಆಗಸ್ಟ್ ಹೊತ್ತಿಗೆ ಅಲ್ಲಿ ಸುಮಾರು 33 ಸಾವಿರ ಜನರಿದ್ದರು.

ಗೋಡೆಯಿಂದ ಸುಮಾರು 19 ಅಡಿ ಒಳಗೆ, ಗಿಡ್ಡ ಗೂಟಗಳ ಮೇಲೆ ತೆಳುವಾದ ಮರದ ಪಟ್ಟಿಯೊಂದನ್ನು ಸುತ್ತಲೂ ಹೊಡೆಯಲಾಗಿತ್ತು. ಇದೇ ಡೆಡ್‌ಲೈನ್. ಮಕ್ಕಳೂ ದಾಟಬಹುದಾದ ಬೇಲಿ ಅದು. ಆದರೆ ದಾಟಿದವರನ್ನು, ಹಗಲಿರಲಿ ರಾತ್ರಿಯಿರಲಿ, ಕಾವಲುಗಾರರು ಗುಂಡಿಟ್ಟು ಕೊಲ್ಲಬಹುದಿತ್ತು. ಈ ನಿಯಮವನ್ನು 1864ರ ಮೇ ತಿಂಗಳಲ್ಲಿ ದಕ್ಷಿಣ ಸೇನೆಯ ತಪಾಸಣಾ ವರದಿಯೇ ದಾಖಲಿಸಿದೆ.

ಗೆರೆ ದಾಟಿದವರೆಲ್ಲ ತಪ್ಪಿಸಿಕೊಳ್ಳಲು ಹೊರಟವರಲ್ಲ. ಶಿಬಿರದ ನಡುವೆ ಹರಿಯುತ್ತಿದ್ದ ಸಣ್ಣ ತೊರೆಯೇ ಕುಡಿಯಲಿಕ್ಕೂ ಶೌಚಕ್ಕೂ ಆಧಾರ. ತೊರೆ ಒಳಬರುವ ಕಡೆ, ಗೆರೆಯ ಹತ್ತಿರ, ನೀರು ಸ್ವಲ್ಪ ತಿಳಿಯಾಗಿರುತ್ತಿತ್ತು. ಆ ನೀರಿಗಾಗಿ ಪಟ್ಟಿಯಾಚೆ ಕೈಚಾಚಿದವರೂ ಗುಂಡಿಗೆ ಬಲಿಯಾದರು. ಆದರೂ ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಹಸಿವು, ಭೇದಿ ಮತ್ತು ಪೌಷ್ಟಿಕಾಂಶದ ಕೊರತೆಯ ಕಾಯಿಲೆಗಳು. 14 ತಿಂಗಳಲ್ಲಿ ಅಲ್ಲಿಗೆ ಬಂದ ಸುಮಾರು 45 ಸಾವಿರ ಕೈದಿಗಳಲ್ಲಿ ಹೆಚ್ಚುಕಡಿಮೆ 13 ಸಾವಿರ ಮಂದಿ ಮರಳಲಿಲ್ಲ.

ಇಂಥ ಗೆರೆ ದಕ್ಷಿಣದವರ ಕ್ರೌರ್ಯ ಮಾತ್ರವಾಗಿರಲಿಲ್ಲ. ಷಿಕಾಗೊದ ಕ್ಯಾಂಪ್ ಡಗ್ಲಾಸ್‌ನಂಥ ಉತ್ತರದ ಶಿಬಿರಗಳಲ್ಲೂ ಅದು ಇತ್ತು. ಆದರೆ ಯುದ್ಧ ಮುಗಿದ ಮೇಲೆ ವಿಚಾರಣೆಗೆ ಒಳಗಾದವನು ಆಂಡರ್ಸನ್‌ವಿಲ್‌ನ ಅಧಿಕಾರಿ ಹೆನ್ರಿ ವಿರ್ಜ್. 1865ರಲ್ಲಿ ವಾಷಿಂಗ್ಟನ್‌ನಲ್ಲಿ ಸೇನಾ ಆಯೋಗದ ಮುಂದೆ ನಡೆದ ಮೊಕದ್ದಮೆಯಲ್ಲಿ ಸಾಕ್ಷಿಗಳು ಈ ಗೆರೆಯ ಪ್ರಸ್ತಾಪ ಮಾಡಿದರು. ತಾನು ಮೇಲಿನವರ ಆಜ್ಞೆ ಪಾಲಿಸಿದೆ ಎಂಬ ವಿರ್ಜ್‌ನ ವಾದ ನಿಲ್ಲಲಿಲ್ಲ. ನವೆಂಬರ್ 10ರಂದು ಅವನನ್ನು ಗಲ್ಲಿಗೇರಿಸಲಾಯಿತು.

ಊರಿಗೆ ಬಂದ ಗೆರೆ

ಸೆರೆಮನೆಯ ಪದ ಬಳಿಕ ಊರಿಗೂ ಬಂತು. ನ್ಯೂಯಾರ್ಕ್‌ನ ಪತ್ತೇದಾರರ ಮುಖ್ಯಸ್ಥ ಥಾಮಸ್ ಬರ್ನ್ಸ್ 1880ರಲ್ಲಿ ಫುಲ್ಟನ್ ರಸ್ತೆಯನ್ನೇ ಡೆಡ್‌ಲೈನ್ ಎಂದು ಸಾರಿದ. ಬ್ಯಾಂಕುಗಳಿದ್ದ ಅದರ ದಕ್ಷಿಣ ಭಾಗದಲ್ಲಿ ಪೊಲೀಸರಿಗೆ ಗೊತ್ತಿರುವ ಕಳ್ಳರು ಕಾಣಿಸಿಕೊಂಡರೆ ಹಿಡಿದು ಹಾಕಲಾಗುತ್ತಿತ್ತು. ಗೆರೆ ಇನ್ನೂ ನೆಲದ ಮೇಲೆಯೇ ಇತ್ತು. ಆದರೆ ಶಿಕ್ಷೆ ಸಾವಲ್ಲ, ಬಂಧನ.

ಮುಂದೆ ಮುದ್ರಣಾಲಯದಲ್ಲೂ ಒಂದು ಡೆಡ್‌ಲೈನ್ ಕಾಣಿಸಿಕೊಂಡಿತು. ಅದು ಅಚ್ಚಿನ ಯಂತ್ರದ ಮೇಲೆ ಮೊಳೆಗಳನ್ನಿಡುವ ಜಾಗದಲ್ಲಿ ಗುರುತು ಮಾಡಿದ ಗೆರೆ. ಅದರಾಚೆಗೆ ಇಟ್ಟ ಮೊಳೆ ಸರಿಯಾಗಿ ಅಚ್ಚಾಗುತ್ತಿರಲಿಲ್ಲ. 20ನೇ ಶತಮಾನದ ಎರಡನೇ ದಶಕದಲ್ಲಿ ಅಮೆರಿಕದ ಪತ್ರಿಕೆಗಳು ಇದೇ ಪದವನ್ನು ಸಮಯಕ್ಕೆ ಬಳಸತೊಡಗಿದವು. ಈ ಹೊತ್ತಿನ ಬಳಿಕ ಬಂದ ಸುದ್ದಿಗೆ ಇಂದಿನ ಸಂಚಿಕೆಯಲ್ಲಿ ಜಾಗವಿಲ್ಲ ಎಂಬುದು ಅದರ ಅರ್ಥ. 1920ರಲ್ಲಿ ತೆರೆಕಂಡ, ಪತ್ರಿಕಾ ಕಚೇರಿಯ ಕಥೆಯುಳ್ಳ ಮೂಕಿ ಚಿತ್ರವೊಂದರ ಹೆಸರೇ ‘ಡೆಡ್‌ಲೈನ್ ಅಟ್ ಇಲೆವೆನ್’. ಈ ಅರ್ಥ ಸೆರೆಮನೆಯಿಂದ ನೇರವಾಗಿ ಬಂತೋ ಅಚ್ಚುಕೂಟದ ದಾರಿಯಲ್ಲಿ ಬಂತೋ ಎಂಬುದರಲ್ಲಿ ಪದಶೋಧಕರಿಗೆ ಒಮ್ಮತವಿಲ್ಲ. ಅಂತೂ ನೆಲದ ಗೆರೆ ಗಡಿಯಾರದ ಗೆರೆಯಾಯಿತು.

ನಮ್ಮ ಗಡುವು

ಇದಕ್ಕೆ ಕನ್ನಡದಲ್ಲಿ ‘ಗಡುವು’ ಎಂಬ ಒಳ್ಳೆಯ ಮಾತಿದೆ. ಸಾಲ ಮತ್ತು ಕೋರ್ಟಿನ ವ್ಯವಹಾರದಲ್ಲಿ ‘ವಾಯಿದೆ’ಯೂ ಉಂಟು. ಗಡುವು ಮುಗಿಯುತ್ತದೆ, ಮೀರುತ್ತದೆ, ಬೇಡಿಕೊಂಡರೆ ವಿಸ್ತರಣೆಯೂ ಆಗುತ್ತದೆ. ಅದರಲ್ಲಿ ಸಾವಿನ ಸುಳಿವಿಲ್ಲ. ಗೆರೆಯೇ ಮಾತಾಗಿ ಬೆಳೆದದ್ದಕ್ಕೆ ನಮ್ಮಲ್ಲಿ ಲಕ್ಷ್ಮಣರೇಖೆಯ ಉದಾಹರಣೆಯಿದೆ. ಆದರೆ ಲಕ್ಷ್ಮಣನ ರೇಖೆ ಒಳಗಿದ್ದವಳನ್ನು ಕಾಯಲು ಎಳೆದದ್ದು. ಆಂಡರ್ಸನ್‌ವಿಲ್‌ನದು ಒಳಗಿದ್ದವರನ್ನು ಕೊಲ್ಲಲು ನೆಪ ಕೊಟ್ಟದ್ದು.

ಆ ಶಿಬಿರದ ಜಾಗವನ್ನು 1970ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಲಾಯಿತು. ಹುಲ್ಲು ಬೆಳೆದ ಬಯಲಿನಲ್ಲಿ ಬಿಳಿ ಗೂಟಗಳ ಎರಡು ಸಾಲುಗಳಿವೆ. ಹೊರಗಿನದು ಗೋಡೆಯಿದ್ದ ಜಾಗ, ಒಳಗಿನದು ಡೆಡ್‌ಲೈನ್. ನೋಡಲು ಬಂದವರು ಅದನ್ನು ಸಲೀಸಾಗಿ ದಾಟಿ ನಡೆಯುತ್ತಾರೆ. ಅಲ್ಲೇ ಹತ್ತಿರದ ಸ್ಮಶಾನದಲ್ಲಿ, ದಾಟಿದವರೂ ದಾಟದೆ ಸತ್ತವರೂ ಸಾಲು ಸಾಲಾಗಿ ಮಲಗಿದ್ದಾರೆ.