ಚಾರ್ಜಿಂಗ್ ಪಂಪು: ಬ್ಯಾಟರಿಯ ವೈರಿನ ತುದಿ ಏಕೆ ಬಿಸಿಯಾಗುತ್ತದೆ?

ವಳಸಂಗ: ಸೊಲ್ಲಾಪುರ–ಅಕ್ಕಲಕೋಟ ರಸ್ತೆಯ ಎರಡೂ ಬದಿಯ ಹಳ್ಳಿಗಳಲ್ಲಿ ತೊಗರಿ ಹೂವಿಗೆ ಬಂತೆಂದರೆ ಔಷಧ ಹೊಡೆಯುವ ಪಂಪುಗಳು ಬೆಳಗಿನಿಂದಲೇ ಬೆನ್ನೇರುತ್ತವೆ. ಕೈಯಿಂದ ಹಿಡಿಕೆ ಒತ್ತುವ ಹಳೆಯ ಪಂಪಿನ ಜಾಗಕ್ಕೆ ಬ್ಯಾಟರಿ ಪಂಪು ಬಂದು ಹಲವು ವರ್ಷಗಳಾದವು. ಕನ್ನಡದವರು ಚಾರ್ಜಿಂಗ್ ಪಂಪು ಎನ್ನಲಿ, ಮರಾಠಿಯವರು ಫವಾರಣಿ ಪಂಪ್ ಎನ್ನಲಿ, ದೂರು ಮಾತ್ರ ಒಂದೇ. ಎರಡು ಟಾಕಿ ಹೊಡೆಯುವಷ್ಟರಲ್ಲಿ ಒತ್ತಡ ಇಳಿಯುತ್ತದೆ. ತಳ ಬಿಚ್ಚಿದರೆ ಬ್ಯಾಟರಿಗೆ ಸಿಕ್ಕಿಸಿದ ವೈರಿನ ತುದಿ ಮುಟ್ಟಲಾರದಷ್ಟು ಬಿಸಿಯಾಗಿರುತ್ತದೆ. ಪ್ಲಾಸ್ಟಿಕ್ ಕರಗಿದ ವಾಸನೆಯೂ ಬರುತ್ತದೆ.

"ಬ್ಯಾಟರಿ ಹೋಗಿದೆ, ಹೊಸದು ಹಾಕಿ" ಎಂಬುದು ಇದಕ್ಕೆ ಸಿಗುವ ಸುಲಭ ಉತ್ತರ. ಆದರೆ ವೈರಿನ ತುದಿ ಮಾತ್ರ ಬಿಸಿಯಾಗಿ ಬ್ಯಾಟರಿಯ ಮೈ ತಣ್ಣಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬ್ಯಾಟರಿಯನ್ನಲ್ಲ, ಜೋಡಣೆಯನ್ನು. ಅದನ್ನು ಸರಿಪಡಿಸದೆ ಹೊಸ ಬ್ಯಾಟರಿ ಹಾಕಿದರೆ ಅದೇ ತುದಿ ಮತ್ತೆ ಬಿಸಿಯಾಗುತ್ತದೆ. ಕಾಯಿಕೊರಕ, ಅಂದರೆ ಘಾಟೆ ಅಳಿ ಬಿದ್ದ ಹೊತ್ತಿನಲ್ಲಿ ನಾಲ್ಕು ದಿನ ಪಂಪು ನಿಂತರೆ ನಷ್ಟ ಬ್ಯಾಟರಿಯ ಬೆಲೆಗಿಂತ ಹೆಚ್ಚು.

ಶಾಖ ಎಲ್ಲಿಂದ?

ವಿದ್ಯುತ್ ಹರಿಯುವ ದಾರಿಯಲ್ಲಿ ಅಡ್ಡಿ ಇದ್ದಲ್ಲಿ ಶಾಖ ಹುಟ್ಟುತ್ತದೆ. ಕರೆಂಟು ಎರಡು ಪಟ್ಟಾದರೆ ಅದೇ ಜಾಗದ ಶಾಖ ನಾಲ್ಕು ಪಟ್ಟಾಗುತ್ತದೆ. 1841ರಲ್ಲಿ ಇಂಗ್ಲೆಂಡಿನ ಜೇಮ್ಸ್ ಜೌಲ್ ಪ್ರಕಟಿಸಿದ ಈ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ, ಹೊಲದಲ್ಲಿ ಮರೆಯುತ್ತೇವೆ. ಒಂದು ಮೋಟಾರಿನ ಪಂಪು ಸುಮಾರು 2ರಿಂದ 3 ಆಂಪಿಯರ್ ಎಳೆದರೆ ಡಬಲ್ ಮೋಟಾರಿನದು ಹೆಚ್ಚುಕಡಿಮೆ ಅದರ ಇಮ್ಮಡಿ ಎಳೆಯುತ್ತದೆ. ಹಳೆಯ ಪಂಪಿಗೆ ಇನ್ನೊಂದು ಮೋಟಾರು ಕೂಡಿಸಿ ವೈರು, ತುದಿ ಹಳೆಯವನ್ನೇ ಬಿಟ್ಟವರ ಪಂಪು ಬೇಗ ಸುಡುವುದು ಇದರಿಂದಲೇ.

ಒಂದು ಲೆಕ್ಕ ನೋಡಿ. ಪಂಪು ನಡೆಯುವಾಗ ಬ್ಯಾಟರಿಯ ಬಳಿ 12.2 ವೋಲ್ಟ್, ಮೋಟಾರಿನ ಬಳಿ 10.8 ವೋಲ್ಟ್ ಇದ್ದರೆ ನಡುವೆ 1.4 ವೋಲ್ಟ್ ಕಳೆದುಹೋಗಿದೆ. ಕರೆಂಟು 5 ಆಂಪಿಯರ್ ಇದ್ದರೆ ಅದು 7 ವ್ಯಾಟ್ ಶಾಖ. ಮೊಬೈಲ್ ರಿಪೇರಿಯವರ ಸಣ್ಣ ಬೆಸುಗೆ ಕಡ್ಡಿ 25 ವ್ಯಾಟಿನದು ಇರುತ್ತದೆ. ಅದರ ಕಾಲು ಭಾಗಕ್ಕೂ ಹೆಚ್ಚಿನ ಶಾಖ ಉಗುರಿನಗಲದ ಲಗ್ಗಿನಲ್ಲಿ ಸೇರಿದರೆ ಪ್ಲಾಸ್ಟಿಕ್ ಉಳಿಯುವುದಿಲ್ಲ.

ಅಡ್ಡಿ ಹುಟ್ಟಿಸುವುದು ಮುಖ್ಯವಾಗಿ ಸಡಿಲ ಮತ್ತು ಕಿಲುಬು. ತೆಗೆದು ಹಾಕಿ ಮಾಡಿದಂತೆಲ್ಲ ಸಿಕ್ಕಿಸುವ ಲಗ್ಗಿನ ಬಾಯಿ ಅಗಲವಾಗುತ್ತದೆ. ಟಾಕಿಯಿಂದ ಸೋರಿದ ಔಷಧ ತಳಕ್ಕಿಳಿದು ಲೋಹವನ್ನು ತಿನ್ನುತ್ತದೆ. ದ್ರಾಕ್ಷಿ ತೋಟಕ್ಕೆ ಬೋರ್ಡೊ ದ್ರಾವಣ ಹೊಡೆಯುವವರು ಇನ್ನೂ ಎಚ್ಚರವಾಗಿರಬೇಕು. ಮೈಲುತುತ್ತದ (ಮರಾಠಿಯ ಮೋರಚೂದ) ನೀರು ಕಬ್ಬಿಣದ ಲಗ್ಗಿಗೆ ತಾಗಿದರೆ ಕಬ್ಬಿಣ ಕರಗಿ ಅದರ ಮೇಲೆ ತಾಮ್ರ ಕೂರುತ್ತದೆ. ಹಿಡಿತ ಸಡಿಲಾದಷ್ಟೂ ಬಿಸಿ, ಬಿಸಿಯಾದಷ್ಟೂ ಲಗ್ಗಿನ ಬಿಗುವು ಸತ್ತು ಇನ್ನಷ್ಟು ಸಡಿಲ.

ಪತ್ತೆ ಹಚ್ಚುವುದು

ಸಾಧಾರಣ ಮಲ್ಟಿಮೀಟರ್ ಸಾಕು. ಟಾಕಿಯಲ್ಲಿ ಬರೀ ನೀರು ತುಂಬಿ, ಪಂಪು ನಡೆಯುತ್ತಿರುವಾಗ, ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿಯನ್ನು ಬ್ಯಾಟರಿಯ ಲೋಹದ ಪಟ್ಟಿಗೆ, ಇನ್ನೊಂದನ್ನು ಅದೇ ಪಟ್ಟಿಗೆ ಸಿಕ್ಕಿಸಿದ ವೈರಿನ ತಾಮ್ರಕ್ಕೆ ಹಿಡಿಯಿರಿ. ಜೋಡಣೆ ಚೆನ್ನಾಗಿದ್ದರೆ ಮೀಟರು ಸೊನ್ನೆಯ ಹತ್ತಿರವೇ ಇರುತ್ತದೆ. 0.1 ವೋಲ್ಟ್ ದಾಟಿದರೆ ಆ ಜಾಗ ಬಿಚ್ಚಬೇಕು. ಹೀಗೆಯೇ ಸ್ವಿಚ್ಚು, ಫ್ಯೂಸಿನ ಗೂಡು, ಸ್ಪೀಡಿನ ಗುಂಡಿ ಒಂದೊಂದನ್ನೂ ನೋಡಿ (ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟೇ ಅಳೆಯಿರಿ). ಕೆಂಪು ಕಡ್ಡಿ 10 ಆಂಪಿಯರಿನ ತೂತಿನಲ್ಲಿದ್ದಾಗ ಬ್ಯಾಟರಿಯ ಎರಡು ತುದಿಗೆ ಹಿಡಿದರೆ ಶಾರ್ಟ್ ಆಗುತ್ತದೆ. ಮೀಟರು, ಬೆರಳು ಎರಡೂ ಸುಟ್ಟಾವು.

ರಿಪೇರಿ

ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಮೈನಸ್ ಕೊನೆಗೆ. ಹಸಿರು ಅಥವಾ ಬಿಳಿ ಕಿಲುಬನ್ನು ಅಡುಗೆ ಸೋಡಾ, ಅಂದರೆ ಖಾಯಚಾ ಸೋಡಾ ಕಲಸಿದ ನೀರಿನಲ್ಲಿ ಹಳೆಯ ಬ್ರಷ್ ಅದ್ದಿ ಉಜ್ಜಿ, ಒಣಗಿಸಿ, ಪಟ್ಟಿಯನ್ನು ಪಾಲಿಶ್ ಪೇಪರಿನಿಂದ ಹೊಳಪಿಗೆ ತನ್ನಿ. ಕರಗಿದ ಅಥವಾ ಬಣ್ಣಗೆಟ್ಟ ಲಗ್ಗನ್ನು ಪಕ್ಕಡದಿಂದ ಒತ್ತಿ ಮತ್ತೆ ಬಳಸುವುದು ಎರಡು ದಿನದ ಉಪಾಯ. ಒಮ್ಮೆ ಕಾದ ಲಗ್ಗಿಗೆ ಮೊದಲಿನ ಹಿಡಿತ ಬರುವುದಿಲ್ಲ, ಹೊಸದನ್ನೇ ಹಾಕಿ. ಗಂಡು–ಹೆಣ್ಣು ಜೋಡಿಯ ಪ್ಲಗ್ಗಿದ್ದರೆ ಎರಡನ್ನೂ ಬದಲಿಸಿ. ಒಂದು ಹಳೆಯದಾಗಿ ಉಳಿದರೆ ಅದು ಹೊಸದನ್ನೂ ಕೆಡಿಸುತ್ತದೆ.

ಬಹಳ ಮಂದಿ ಬಿಡುವುದು ವೈರನ್ನು. ತುದಿ ಸುಟ್ಟಿದ್ದರೆ ಕವಚದ ಒಳಗೂ ತಾಮ್ರ ಕಪ್ಪಾಗಿರುತ್ತದೆ. ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ. ವೈರು ಗಿಡ್ಡವಾದರೆ ಸುತ್ತಿ ಟೇಪು ಅಂಟಿಸಬೇಡಿ, ಪೂರ್ತಿ ಹೊಸ ವೈರನ್ನೇ ಎಳೆಯಿರಿ. ಡಬಲ್ ಮೋಟಾರಿಗೆ 1 ಚದರ ಮಿಲಿಮೀಟರಿನ ಬಹು ಎಳೆಯ ತಾಮ್ರದ ವೈರು ಸಾಕು, 1.5 ಇದ್ದರೆ ಒಳ್ಳೆಯದು. ಲಗ್ಗನ್ನು ಒತ್ತುವ ಇಕ್ಕಳದಿಂದ ಎಲ್ಲ ಎಳೆಗಳೂ ಒಳಗೆ ಸೇರುವಂತೆ ಒತ್ತಿಸಿ, ಎಳೆದು ನೋಡಿ. ಜೋಡಿಸಿದ ಮೇಲೆ ವ್ಯಾಸಲಿನ್ ತೆಳ್ಳಗೆ ಸವರಿದರೆ ತೇವ ತಾಗುವುದಿಲ್ಲ. ಸೋರುವ ವಾಷರನ್ನು ಬದಲಿಸದಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ.

ಫ್ಯೂಸು ಪದೇ ಪದೇ ಹೋಗುತ್ತಿದ್ದರೆ ದೊಡ್ಡದನ್ನು ಹಾಕುವುದು, ಬೆಳ್ಳಿ ಕಾಗದ ಸುತ್ತುವುದು ತೀರಾ ಕೆಟ್ಟ ಚಾಳಿ. ಈ ಯಂತ್ರ ಮನುಷ್ಯನ ಬೆನ್ನಿಗೆ ಕಟ್ಟಿದ್ದು, ಮೇಲೆ ವಿಷದ ಟಾಕಿ ಇದೆ ಎಂಬುದು ನೆನಪಿರಲಿ.

ಟ್ರ್ಯಾಕ್ಟರಿನಲ್ಲೂ ಇದೇ ಕಥೆ, ಕರೆಂಟು ಮಾತ್ರ ದೊಡ್ಡದು. ಸ್ಟಾರ್ಟರ್ 200 ಆಂಪಿಯರ್ ಎಳೆಯುವಾಗ ಕ್ಲಾಂಪಿನಲ್ಲಿ ಅರ್ಧ ವೋಲ್ಟ್ ಕಳೆದರೂ 100 ವ್ಯಾಟ್ ಶಾಖ. ಮಕ್ಕಳ ರಿಮೋಟ್ ಕಾರುಗಳಲ್ಲಿ, ಅದರಲ್ಲೂ ಪಂದ್ಯಕ್ಕೆ ಓಡಿಸುವ ದೊಡ್ಡವುಗಳಲ್ಲಿ, ಅಂಗೈಯಗಲದ ಬ್ಯಾಟರಿಯೇ ಹತ್ತಾರು ಆಂಪಿಯರ್ ಕೊಡುತ್ತದೆ. ಅಗ್ಗದ ಬಿಳಿ ಪ್ಲಗ್ಗು ಅಲ್ಲಿ ಕರಗುತ್ತದೆ. ಆ ಹವ್ಯಾಸದವರು ಅದನ್ನು ಕತ್ತರಿಸಿ ಎಕ್ಸ್‌ಟಿ 60 ಎಂಬ ಹಳದಿ ಪ್ಲಗ್ಗನ್ನು ಬೆಸೆಯುತ್ತಾರೆ. ಬೆಸೆಯುವಾಗ ಒಂದೊಂದೇ ವೈರು ಕತ್ತರಿಸಬೇಕು. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯೇ ಶಾರ್ಟ್ ಮಾಡುತ್ತದೆ.

ಲಿಥಿಯಂ ಬ್ಯಾಟರಿಯ ಪಂಪುಗಳೂ ಬಂದಿವೆ, ತೂಕ ಕಡಿಮೆ. ಅವುಗಳಿಗೆ ಅವುಗಳದೇ ಚಾರ್ಜರ್ ಬೇಕು, ಸೀಸದ ಬ್ಯಾಟರಿಯ ಚಾರ್ಜರ್ ಕೂಡದು. ಲಿಥಿಯಂ ಬ್ಯಾಟರಿಯ ಮೈ ಬಿಸಿಯಾಗಿದ್ದರೆ ಅಥವಾ ಉಬ್ಬಿದ್ದರೆ ಅದು ಜೋಡಣೆಯ ದೋಷವಲ್ಲ. ಅದನ್ನು ಬಿಚ್ಚಬೇಡಿ, ಚುಚ್ಚಬೇಡಿ, ಗೋಣಿಚೀಲ–ಹಾಸಿಗೆಗಳಿಂದ ದೂರ ಹೊರಗಿಡಿ.

ನಿಜವಾಗಿಯೂ ಸತ್ತ ಬ್ಯಾಟರಿಯನ್ನು ಬಾವಿಯ ಬದಿ, ಬದುವಿನಲ್ಲಿ ಎಸೆದರೆ ಸೀಸ ಮಣ್ಣಿಗಿಳಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರದು. ಸೀಸದ ಬ್ಯಾಟರಿಯಾದರೆ ಅಂಗಡಿಯವರು ಹಳೆಯದನ್ನು ತೂಕಕ್ಕೆ ಹಿಡಿದು ಹೊಸದರ ಬೆಲೆಯಲ್ಲಿ ಕಡಿತ ಕೊಡುವುದುಂಟು. ಕೊಳ್ಳುವ ಮೊದಲೇ ಕೇಳಿಕೊಳ್ಳಿ.